ಹೋಳಿ ಹುಣ್ಣಿಮೆಯ ಬೂದಿ

ಹೋದ ವರ್ಷ ಫೆಬ್ರವರಿ ಕೊನೆಯಲ್ಲಿ ಒಂದು ಬೆಳಿಗ್ಗೆ, ಹತ್ತು ಗಂಟೆಯ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ನನ್ನ ಸರದಿ ಬರೋಕೆ ಇನ್ನಿಬ್ಬರು ಬಾಕಿ ಇದ್ದಾಗ ಊರಿಂದ ಅಪ್ಪನ ಫೋನು ಬಂತು. ಅಪ್ಪ ಆ ಹೊತ್ತಲ್ಲಿ ಫೋನ್ ಮಾಡೋನಲ್ಲ. ಗಾಬರಿಯಾಗಿ ಮ್ಯೂಟ್ ಒತ್ತಿ ಎತ್ತಿದೆ.

"ಎತ್ತು ಮಾರಬೇಕಂತ ಮಾಡೀನಿ. ಜಾತ್ರಿಗೆ ಹೊಡಕೊಂಡು ಹೋಗ್ತೀನಿ. ನೀ ಏನಂತಿ?"

"ಸಂಜಿಗೆ ಮಾತಾಡ್ತೀನಪ್ಪಾ" ಅಂದೆ. ಅಷ್ಟರಲ್ಲಿ ನನ್ನ ಸರದಿ ಬಂತು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಅಡೆತಡೆ ಏನಾದರೂ ಇದೆಯಾ? ಏನೂ ಇಲ್ಲ ಅಂತ ಹೇಳಿ ಮುಗಿಸಿದೆ.

ಸಂಜೆ ಫೋನ್ ಮಾಡಿದರೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಇರೋದಾದರೂ ಹೇಗೆ? ಆ ಎತ್ತುಗಳ ಹೊಟ್ಟೆಗೆ ಹಾಕೋನು ನಾನಲ್ಲ, ಹೂಡೋನು ನಾನಲ್ಲ. ಆದರೂ ಅಪ್ಪ ಕೇಳಿದ್ದ. ಮಾರೋದಕ್ಕೆ ಅವನು ಆರಿಸಿಕೊಂಡ ಕಾಲ ನನ್ನನ್ನು ಬಹಳ ದಿನ ಕಾಡಿತು. ಈ ಬರಹ ಆ ಕಾಲದ ಬಗ್ಗೆ, ಅಂದರೆ ಹೋಳಿ ಹುಣ್ಣಿಮೆಯ ಆಸುಪಾಸಿನ ಹದಿನೈದಿಪ್ಪತ್ತು ದಿನಗಳ ಬಗ್ಗೆ.

ನಮ್ಮೂರು ಗುರುಗುಂಟಾ. ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲೂಕು. ಹಟ್ಟಿ ಚಿನ್ನದ ಗಣಿ ಅಂದರೆ ಕೆಲವರಿಗೆ ಗೊತ್ತಾಗುತ್ತೆ, ಅದರ ಪಕ್ಕ ಅಂತ ಹೇಳ್ತೀನಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಶಾಲೆಯ ಪಾಠದಲ್ಲಿ ಎಲ್ಲರೂ ಓದಿರೋ 'ರಾಯಚೂರು ದೋಆಬ್' ಇದೇ. ನಿಜಾಮರ ಕಾಲಕ್ಕೆ ಗುರುಗುಂಟಾ ನಾಯಕ ಮನೆತನದವರ ಸಣ್ಣದೊಂದು ಸಂಸ್ಥಾನ, ಹೈದರಾಬಾದಿಗೆ ಪೇಷ್ಕಶ್ ಕಟ್ಟುತ್ತಿದ್ದ ಊರು. ಇವತ್ತು ಊರಿಗಿರೋ ಹೆಸರು ಅಮರೇಶ್ವರನದು. ಆತನ ಜಾತ್ರೆ ಸೇರೋದು ಹೋಳಿ ಹುಣ್ಣಿಮೆಯ ಸುಮಾರಿಗೆ. ತೇರು ಒಂದು ಕಡೆಯಾದರೆ ದನಗಳ ಜಾತ್ರೆ ಇನ್ನೊಂದು ಕಡೆ. ಚಿಕ್ಕವನಿದ್ದಾಗ ನನಗೆ ತೇರಿಗಿಂತ ಅದೇ ದೊಡ್ಡದು. ಕೋಡಿಗೆ ಬಣ್ಣ ಹಚ್ಚಿದ ಕಿಲಾರಿ ಹೋರಿಗಳು, ಟವೆಲ್ ಮುಚ್ಚಿಕೊಂಡು ಬೆರಳು ಹಿಡಿದು ದರ ಮಾತಾಡೋ ದಲಾಲರು, ಮಂಡಕ್ಕಿ ಮಿರ್ಚಿಯ ವಾಸನೆ.

ಜಾತ್ರೆ ಅದೇ ಹುಣ್ಣಿಮೆಗೆ ಯಾಕೆ ಅಂತ ಆಗ ನಾನು ಕೇಳಿರಲಿಲ್ಲ. ಈಗ ನೋಡಿದರೆ ಹೊಲವೇ ಉತ್ತರ ಹೇಳುತ್ತೆ.

ಪಂಚಾಂಗದ ಪ್ರಕಾರ ವಸಂತ ಅಂದರೆ ಚೈತ್ರ, ವೈಶಾಖ. ನಮ್ಮ ಕಡೆ ವೈಶಾಖದಲ್ಲಿ ಹೊರಗೆ ಕಾಲಿಟ್ಟು ನೋಡಿ, ನಲವತ್ತು ಡಿಗ್ರಿ ದಾಟಿರುತ್ತೆ, ಚಪ್ಪಲಿ ರಸ್ತೆಗೆ ಅಂಟಿಕೊಳ್ಳುತ್ತೆ. ಅದನ್ನು ವಸಂತ ಅಂತ ಕರೆದವರು ರಾಯಚೂರಿನವರಂತೂ ಅಲ್ಲ. ನಮಗೆ ವಸಂತ ಅಂತ ಏನಾದರೂ ಇದ್ದರೆ ಅದು ಮಾಘದ ಕೊನೆ ಮತ್ತು ಫಾಲ್ಗುಣ. ಮುತ್ತುಗದ ಮರ ಎಲೆ ಕಳಚಿ ಕೆಂಪಾಗುತ್ತೆ. ಬೇವು ಹಳೆ ಎಲೆ ಉದುರಿಸಿ, ತಾಮ್ರದ ಬಣ್ಣದ ಚಿಗುರು ಬಿಟ್ಟು, ಯುಗಾದಿ ಹೊತ್ತಿಗೆ ಸರಿಯಾಗಿ ಹೂ ಬಿಡುತ್ತೆ. ಹುಣಸೆಕಾಯಿ ಬಡಿಯೋದು ಆಗಲೇ. ಬೆಳಗಿನ ಜಾವಕ್ಕಿನ್ನೂ ಕಂಬಳಿ ಬೇಕು, ಮಧ್ಯಾಹ್ನಕ್ಕೆ ನೆರಳು ಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಅದು ಹಿಂಗಾರಿ ಜೋಳ ಮನೆಗೆ ಬರೋ ಹೊತ್ತು. ಎರೆ ಹೊಲದ ಲೆಕ್ಕವೇ ಬೇರೆ. ಮುಂಗಾರಿನ ಮಳೆ ಬಿದ್ದಾಗ ಆ ಹೊಲವನ್ನು ಸುಮ್ಮನೆ ಹರಗಿ ಬಿಡ್ತಾರೆ. ಕರಿ ಮಣ್ಣು ಎರಡು ಮೂರು ತಿಂಗಳು ನೀರು ಕುಡಿದು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತೆ. ಉತ್ತರಿ, ಹಸ್ತ ಮಳೆಗಳ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಬಿತ್ತನೆ. ಆಮೇಲೆ ಮಳೆ ಬರಲಿ ಬಿಡಲಿ, ಮಣ್ಣಲ್ಲಿರೋ ಹಸಿ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಬೆಳೆ ನಿಲ್ಲಬೇಕು. ಜನವರಿಗೆ ಸೀತನಿ ತಿನ್ನೋ ಹಾಲುಗಾಳು, ಫೆಬ್ರವರಿ ಮಾರ್ಚಿಗೆ ಕೀಳೋ ಜೋಳ. ಅಷ್ಟು ಹೊತ್ತಿಗೆ ಮಣ್ಣು ಒಣಗಿ, ಕೈ ತೂರಿಸುವಷ್ಟು ಅಗಲದ ಬಿರುಕು ಬಿಟ್ಟಿರುತ್ತೆ. ಕಣ ಮಾಡಿ, ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ ಹಂತಿ ಹೊಡೆದರೆ ಕಾಳು ಬೇರೆ, ಕಣಿಕೆ ಬೇರೆ. ಮುತ್ಯಾ ಹಂತಿ ಹೊಡೆಯೋದು ರಾತ್ರಿ, ಬೆಳದಿಂಗಳಲ್ಲಿ. ಬೆಳಿಗ್ಗೆ ಗಾಳಿ ಎದ್ದಾಗ ತೂರೋದು. ಗಾಳಿ ಬರಲಿಲ್ಲ ಅಂದರೆ ಕೂತು ಕಾಯೋದು. ಅದಕ್ಕೆ ಡೆಡ್‌ಲೈನ್ ಇರಲಿಲ್ಲ.

ಕಾಳು ಹಗೇವಿಗೆ ಹೋಯ್ತು, ಕಣಿಕೆ ಬಣವೆಗೆ ಹೋಯ್ತು. ಮುಂದಿನ ಮಳೆಗೆ ಮೂರು ತಿಂಗಳಿದೆ. ಎತ್ತಿಗೆ ಕೆಲಸವಿಲ್ಲ, ರೈತನ ಕೈಯಲ್ಲಿ ಒಂದಿಷ್ಟು ದುಡ್ಡಿದೆ. ದನದ ಜಾತ್ರೆಗೆ ಇದಕ್ಕಿಂತ ಒಳ್ಳೆ ಹೊತ್ತು ಯಾವುದು? ಬೇಸಿಗೆಯಲ್ಲಿ ಮೇವು ಸಾಲದು ಅನ್ನೋನು ಮಾರ್ತಾನೆ, ಬಣವೆ ದೊಡ್ಡದಿರೋನು ಕೊಳ್ತಾನೆ. ದೇವರ ತೇರು ಎಳೆಯೋಕೆ ಬೇಕಾದಷ್ಟು ಜನರೂ ಆಗ ಮಾತ್ರ ಬಿಡುವಾಗಿರ್ತಾರೆ.

ಇಲ್ಲೊಂದು ಅಡ್ಡಮಾತು. ನಮ್ಮ ಕಡೆ ರೈತರು ತಿಂಗಳಲ್ಲಿ ಲೆಕ್ಕ ಹಾಕಲ್ಲ, ಮಳೆಯಲ್ಲಿ ಹಾಕ್ತಾರೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಹೀಗೆ ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರೋ ಅವಧಿಯೇ ಒಂದೊಂದು ಮಳೆ. 365 ದಿನವನ್ನು 27 ನಕ್ಷತ್ರಕ್ಕೆ ಹಂಚಿದರೆ ತಲಾ ಹದಿಮೂರೂವರೆ ದಿನ. ನಮ್ಮ ಆಫೀಸಿನ ಸ್ಪ್ರಿಂಟ್ ಹದಿನಾಲ್ಕು ದಿನ! ಇದನ್ನು ಟೀಮಿನವರಿಗೆ ಹೇಳಿದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಂದು ವ್ಯತ್ಯಾಸ ಇದೆ. ಮುಗಿಯದ ಕೆಲಸವನ್ನು ನಾವು ಮುಂದಿನ ಸ್ಪ್ರಿಂಟಿಗೆ ತಳ್ತೀವಿ. ಹಸ್ತ ಮಳೆಯಲ್ಲಿ ಬಿತ್ತಬೇಕಾದ್ದನ್ನು ಮೂರು ಮಳೆ ಆಚೆಗೆ ತಳ್ಳಿದರೆ ಆ ವರ್ಷ ಜೋಳ ಇಲ್ಲ.

ಈಗ ಬೂದಿಯ ಕಥೆಗೆ ಬರ್ತೀನಿ. ನಾನು ಬಿಇ ಓದಿದವನು, ಇತಿಹಾಸ ನನ್ನ ವಿಷಯವಲ್ಲ. ಅಪ್ಪನ ಫೋನಿನ ನಂತರದ ವಾರಗಳಲ್ಲಿ ರಾತ್ರಿ ಕೂತು ಓದಿದ್ದಷ್ಟೇ. ಆದರೆ ಓದಿದ್ದು ಎಷ್ಟು ಹತ್ತಿರದ್ದು ಅಂದರೆ, ಇಷ್ಟು ವರ್ಷ ನನಗ್ಯಾಕೆ ಯಾರೂ ಹೇಳಲಿಲ್ಲ ಅನ್ನಿಸಿತು.

ರಾಯಚೂರು, ಬಳ್ಳಾರಿ, ಕೊಪ್ಪಳ, ಯಾದಗಿರಿ ಮತ್ತು ಆಚೆಯ ಆಂಧ್ರ, ತೆಲಂಗಾಣದ ಜಿಲ್ಲೆಗಳಲ್ಲಿ ನೂರಕ್ಕೂ ಹೆಚ್ಚು ಬೂದಿ ದಿಬ್ಬಗಳಿವೆ. ಕೆಲವು ಮನೆಯಷ್ಟು ಎತ್ತರ. ಅಗೆದರೆ ಪದರ ಪದರವಾಗಿ ಬಿಳಿ ಬೂದಿ, ನಡುನಡುವೆ ಗಾಜಿನ ಹಾಗೆ ಕರಗಿ ಗಟ್ಟಿಯಾದ ಕಿಟ್ಟ. ಹತ್ತೊಂಬತ್ತನೇ ಶತಮಾನದಲ್ಲಿ ನ್ಯೂಬೋಲ್ಡ್ ಎಂಬ ಮದ್ರಾಸ್ ಸೈನ್ಯದ ಕ್ಯಾಪ್ಟನ್ ಇವುಗಳ ಬಗ್ಗೆ ಬರೆದಾಗ ಯಾರಿಗೂ ಇದೇನು ಅಂತ ತಿಳಿಯಲಿಲ್ಲ. ಬಳ್ಳಾರಿ ಸೀಮೆಯ ಜನ ರಾಕ್ಷಸರನ್ನು ಸುಟ್ಟ ಬೂದಿ ಅಂದರು. ಸಾಹೇಬರಲ್ಲಿ ಕೆಲವರು ಜ್ವಾಲಾಮುಖಿ ಅಂದರು, ಕೆಲವರು ಕಬ್ಬಿಣ ಕರಗಿಸಿದ ಕುಲುಮೆ ಅಂದರು, ಯುದ್ಧದಲ್ಲಿ ಸತ್ತವರ ಸಾಮೂಹಿಕ ಚಿತೆ ಅಂತಲೂ ಊಹೆ ಹೊರಟಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ದನದ ಸಗಣಿ ಸುಟ್ಟ ಬೂದಿ ಅಂದ. ಎಲ್ಲಕ್ಕಿಂತ ಸಪ್ಪೆಯಾದ ಉತ್ತರ. ಅದೇ ನಿಜವಾಗಿತ್ತು.

ಅದನ್ನು ಪಕ್ಕಾ ಮಾಡಿದವರಲ್ಲಿ ಮುಖ್ಯರು ರೇಮಂಡ್ ಆಲ್ಚಿನ್. 1950ರ ದಶಕದ ಆರಂಭದಲ್ಲಿ ಅವರು ಅಗೆದ ಪಿಕ್ಲಿಹಾಳ ನಮ್ಮ ತಾಲೂಕಿನದೇ ಊರು, ಮುದಗಲ್ಲಿನ ಹತ್ತಿರ. ಆಮೇಲೆ 1957ರಲ್ಲಿ ಕೃಷ್ಣೆಯ ಆಚೆ, ಪಾಲಮೂರು ಜಿಲ್ಲೆಯ ಉಟ್ನೂರಿನಲ್ಲಿ ಒಂದು ಬೂದಿ ದಿಬ್ಬವನ್ನು ಅಗೆದರು. ಅಲ್ಲಿ ಸಿಕ್ಕಿದ್ದು ಗೂಟಗಳ ಸಾಲು, ಅಂದರೆ ದನದ ದೊಡ್ಡಿಯ ಬೇಲಿ. ಒಳಗೆ ಸಗಣಿಯ ಬೂದಿ, ಆ ಬೂದಿಯ ಮೇಲೆ ದನದ ಗೊರಸಿನ ಗುರುತುಗಳು. ದೊಡ್ಡಿ ಸುಟ್ಟಿದೆ, ಮತ್ತೆ ಕಟ್ಟಿದ್ದಾರೆ, ಮತ್ತೆ ಸಗಣಿ ತುಂಬಿದೆ, ಮತ್ತೆ ಸುಟ್ಟಿದೆ. ಒಂದು ಸಲ ಅಲ್ಲ, ಹಲವು ಸಲ. ಆಕಸ್ಮಿಕ ಅಂತ ಹೇಳೋಕಾಗದಷ್ಟು ಸಲ. ಕಾಲ? ಈ ನವಶಿಲಾಯುಗದ ದನಗಾಹಿಗಳದ್ದು ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ. ಗೊರಸಿನ ಗುರುತು ಅನ್ನೋ ಕಡೆ ನಾನು ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾಲ್ಕೈದು ಸಾವಿರ ವರ್ಷದ ಹಿಂದೆ, ಮೈಯಾರಿದ ಬೂದಿಯ ಮೇಲೆ ಯಾವುದೋ ಹಸು ನಡೆದು ಹೋಗಿದೆ.

1963ರಲ್ಲಿ ಆಲ್ಚಿನ್ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಬಗ್ಗೆಯೇ ಒಂದು ಪುಸ್ತಕ ತಂದರು. ಇಷ್ಟೊಂದು ಗೊಬ್ಬರವನ್ನು ಹೊಲಕ್ಕೆ ಹಾಕದೆ ಸುಟ್ಟಿದ್ದು ಯಾಕೆ ಅನ್ನೋದೇ ಅವರ ಪ್ರಶ್ನೆ. ಅವರು ಉತ್ತರ ಹುಡುಕಿದ್ದು ನಮ್ಮ ಹಬ್ಬಗಳಲ್ಲಿ. ಹಂಗಾಮು ಬದಲಾಗುವಾಗ, ದನಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಡುವಾಗ, ಹಳೆ ದೊಡ್ಡಿಗೆ ಬೆಂಕಿ ಇಡುವುದು ಒಂದು ಆಚರಣೆಯಾಗಿದ್ದಿರಬಹುದು ಅಂದರು. ಸಂಕ್ರಾಂತಿಗೆ ಮೈಸೂರು ಕಡೆ ದನಗಳಿಗೆ ಕಿಚ್ಚು ಹಾಯಿಸೋದು, ಹೋಳಿಯ ಕಾಮದಹನ, ಇವೆಲ್ಲ ಆ ಬೆಂಕಿಯ ದೂರದ ನೆನಪಿರಬಹುದು ಅನ್ನೋದು ಅವರ ತರ್ಕ.

ಎಲ್ಲರೂ ಇದನ್ನು ಒಪ್ಪಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರ ತಾಲೂಕಿನ ಬೂದಿಹಾಳದಲ್ಲಿ ವರ್ಷಗಟ್ಟಲೆ ಅಗೆದು, ಬೂದಿ ದಿಬ್ಬದ ಪಕ್ಕ ಜನ ನೆಲೆಯಾಗಿ ವಾಸ ಇದ್ದದ್ದನ್ನು, ದನ ಕಡಿದು ಮಾಂಸ ಹಂಚಿಕೊಂಡ ಜಾಗವನ್ನು ಕೂಡ ತೋರಿಸಿದರು. (ಊರಿನ ಹೆಸರೇ ಬೂದಿಹಾಳ! ಜನಕ್ಕೆ ಮೊದಲೇ ಗೊತ್ತಿತ್ತು ಅಂತಾಯ್ತು.) ಅಂದರೆ ಇವು ಬರೀ ಅಲೆಮಾರಿಗಳ ದೊಡ್ಡಿಗಳಲ್ಲ, ಊರುಗಳು. ಬೆಂಕಿ ಹಚ್ಚಿದ್ದಕ್ಕೆ ಉಣ್ಣೆ, ನೊಣ, ರೋಗ ಕಳೆಯೋದೂ ಒಂದು ಕಾರಣ ಇರಬಹುದು. ನನಗೇನೋ ಎರಡೂ ಬೇರೆ ಬೇರೆ ಅನ್ನಿಸಲ್ಲ. ನಮ್ಮ ಅವ್ವ ಶುಕ್ರವಾರ ಅಂಗಳಕ್ಕೆ ಸಗಣಿ ಸಾರಿಸಿದರೆ ಅದು ಪೂಜೆಯೋ ಕ್ಲೀನಿಂಗೋ? ಕೇಳಿ ನೋಡಿ, ಬೈಸಿಕೊಳ್ತೀರಿ.

ಒಂದು ವಿಷಯ ಮಾತ್ರ ನನ್ನ ಹೆಮ್ಮೆಗೆ ಪೆಟ್ಟು ಕೊಟ್ಟಿತು. ನಮ್ಮದು ಜೋಳದ ಸೀಮೆ, ಸಾವಿರಾರು ವರ್ಷದ ಜೋಳದ ರೊಟ್ಟಿ ಅಂತ ನಾನು ಆಫೀಸಿನ ಕ್ಯಾಂಟೀನಿನಲ್ಲಿ ಭಾಷಣ ಮಾಡೋದುಂಟು. ಆ ದನಗಾಹಿಗಳಿಗೆ ಜೋಳವೇ ಗೊತ್ತಿರಲಿಲ್ಲ. ಅದು ಆಮೇಲೆ ಆಫ್ರಿಕಾದಿಂದ ಬಂದದ್ದು. ಡೋರಿಯನ್ ಫುಲ್ಲರ್ ಮುಂತಾದವರು ಆ ಕಾಲದ ನೆಲೆಗಳ ಮಣ್ಣು ತೊಳೆದು, ಕರಕಲಾದ ಕಾಳು ಆರಿಸಿ ನೋಡಿದಾಗ ಸಿಕ್ಕಿದ್ದು ಕೊರಲೆಯಂಥ ಸಿರಿಧಾನ್ಯ, ಹುರುಳಿ, ಹೆಸರು. ಎಲ್ಲ ಮುಂಗಾರಿನ ಬೆಳೆಗಳು. ಹಾಗಾದರೆ ಅವರ ಫಾಲ್ಗುಣದಲ್ಲಿ ಕಣವೂ ಇಲ್ಲ, ರಾಶಿಯೂ ಇಲ್ಲ. ಇದ್ದದ್ದು ದನ, ಕಡಿಮೆಯಾಗ್ತಿರೋ ಹುಲ್ಲು, ಕಡಿಮೆಯಾಗ್ತಿರೋ ನೀರು. ಎಲ್ಲಿಗೆ ಹೋಗಬೇಕು ಅನ್ನೋ ಚಿಂತೆ. ನಮ್ಮ ಸುಗ್ಗಿಯ ಹುಣ್ಣಿಮೆ ಅವರಿಗೆ ಪರೀಕ್ಷೆಯ ಹುಣ್ಣಿಮೆ.

ಆ ಹುಣ್ಣಿಮೆಗೆ ಬರಹದ ದಾಖಲೆಯೂ ಇದೆ. ನಮ್ಮ ಪಕ್ಕದ ಮಸ್ಕಿ ಎಲ್ಲರಿಗೂ ಗೊತ್ತು. 1915ರಲ್ಲಿ ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಬಂದು, ಅಶೋಕನ ಹೆಸರೇ ಇರುವ ಶಾಸನ ಕಂಡ ಊರು. (ಎಂಜಿನಿಯರುಗಳು ಇತಿಹಾಸದಲ್ಲಿ ಕೈಯಾಡಿಸೋಕೆ ನಮ್ಮ ಕಡೆ ಪೂರ್ವನಿದರ್ಶನ ಇದೆ ಅಂತ ಇದನ್ನು ಹೇಳ್ತಿದ್ದೀನಿ.) ನಾನು ಹೇಳಬೇಕಿರೋ ಶಾಸನ ಮಸ್ಕಿಯದಲ್ಲ, ಉತ್ತರ ಭಾರತದ ಕಂಬಗಳ ಮೇಲಿರುವ ಐದನೇ ಸ್ತಂಭ ಶಾಸನ. ಪಟ್ಟವಾಗಿ 26 ವರ್ಷದ ನಂತರ ಅಶೋಕ ಹೊರಡಿಸಿದ್ದು. ಯಾವ ಯಾವ ಪ್ರಾಣಿ ಕೊಲ್ಲಬಾರದು ಅನ್ನೋ ಉದ್ದನೆಯ ಪಟ್ಟಿಯ ಜೊತೆಗೆ, ಕೆಲವು ದಿನಗಳಲ್ಲಿ ಹೋರಿಗಳ ಬೀಜ ಒಡೆಯಬಾರದು, ಎತ್ತು ಕುದುರೆಗಳಿಗೆ ಬರೆ ಹಾಕಬಾರದು ಅಂತ ಇದೆ. ಆ ದಿನಗಳಲ್ಲಿ ಮೂರು ಚಾತುರ್ಮಾಸ್ಯದ ಹುಣ್ಣಿಮೆಗಳೂ ಸೇರಿವೆ. ವರ್ಷವನ್ನು ನಾಲ್ಕು ನಾಲ್ಕು ತಿಂಗಳ ಮೂರು ಕಾಲವಾಗಿ ಒಡೆದರೆ ಬರೋ ಹುಣ್ಣಿಮೆಗಳು: ಆಷಾಢ, ಕಾರ್ತಿಕ, ಫಾಲ್ಗುಣ. ಫಾಲ್ಗುಣದ ಹುಣ್ಣಿಮೆ ಅಂದರೆ ನಮ್ಮ ಹೋಳಿ ಹುಣ್ಣಿಮೆಯೇ.

ಯಾವುದನ್ನು ಜನ ಮಾಡ್ತಿರಲಿಲ್ಲವೋ ಅದನ್ನು ರಾಜ ಬೇಡ ಅನ್ನೋದಿಲ್ಲ. ಹಾಗಾಗಿ ಆ ಹುಣ್ಣಿಮೆಗೆ ದನಗಳನ್ನು ಒಂದೆಡೆ ಸೇರಿಸಿ, ಬರೆ ಹಾಕಿ, ಲೆಕ್ಕ ಮಾಡೋ ರೂಢಿ ಇತ್ತು ಅಂತ ನಾನು ಊಹೆ ಮಾಡ್ತೀನಿ. ಊಹೆ ನನ್ನದು, ತಪ್ಪಿದ್ದರೆ ತಿದ್ದಿ. ಅದೇ ಶಾಸನದಲ್ಲಿ ಇನ್ನೆರಡು ಮಾತುಗಳಿವೆ: ಜೀವ ಇರೋ ಹೊಟ್ಟನ್ನು ಸುಡಬಾರದು, ಕಾರಣವಿಲ್ಲದೆ ಕಾಡಿಗೆ ಬೆಂಕಿ ಹಚ್ಚಬಾರದು. ಸಿಂಧನೂರಿನ ಕಡೆ ಭತ್ತದ ಕಟಾವಿನ ಕಾಲದಲ್ಲಿ ರಾತ್ರಿ ಬಸ್ಸಲ್ಲಿ ಹೋದವರಿಗೆ ಹೊಟ್ಟು ಅಂದ ಕೂಡಲೇ ಕಣ್ಣ ಮುಂದೆ ಏನು ಬರುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಸುಗ್ಗಿಯ ಹಿಂದೆಯೇ ಬರೋರು ಯಾರು? ತೆರಿಗೆಯವರು, ಸೈನ್ಯದವರು. ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನ ಮೇಲೆ ರಾಯಚೂರಿನಲ್ಲಿ ಯುದ್ಧ ಮಾಡಿದ್ದು 1520ರ ಬೇಸಿಗೆಯಲ್ಲಿ. ಕಾಳು ಮನೆ ಸೇರಿದೆ, ನದಿ ಇಳಿದಿದೆ, ಎರೆ ಮಣ್ಣು ಗಟ್ಟಿಯಾಗಿದೆ. ಮಳೆಗಾಲದಲ್ಲಿ ನಮ್ಮ ಎರೆ ಹೊಲದಲ್ಲಿ ಒಂದು ಬಂಡಿ ನಡೆಸಿ ನೋಡಿದವರಿಗೆ ಆನೆ ಕುದುರೆ ಯಾಕೆ ಬೇಸಿಗೆಯಲ್ಲಿ ಬಂದವು ಅಂತ ಬೇರೆ ಹೇಳಬೇಕಿಲ್ಲ.

ತೆರಿಗೆಯದ್ದು ಇನ್ನೂ ಸ್ವಾರಸ್ಯ. ಹಿಜರಿ ಚಂದ್ರನ ಲೆಕ್ಕ, ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಬ್ಬಕ್ಕೆ ಪರವಾಗಿಲ್ಲ, ಕಂದಾಯಕ್ಕೆ ಆಗಲ್ಲ. ಹತ್ತೇ ವರ್ಷದಲ್ಲಿ ಕಂತು ಕಟ್ಟೋ ದಿನ ಬೆಳೆ ಬರೋದಕ್ಕಿಂತ ಮೂರೂವರೆ ತಿಂಗಳು ಮುಂಚೆ ಬಂದಿರುತ್ತೆ. ಅದಕ್ಕೆ ಅಕ್ಬರನ ಕಾಲದಲ್ಲಿ ಫಸಲಿ ಬಂತು. ಫಸಲಿ ಅಂದರೆ ಬೆಳೆಯ ವರ್ಷ. ಷಹಜಹಾನನ ಕಾಲಕ್ಕೆ ದಖನಿಗೂ ಬಂತು, ನಿಜಾಮರು ಅದನ್ನೇ ಮುಂದುವರಿಸಿದರು. ನಮ್ಮ ಮನೆಯ ಹಳೆ ಕಾಗದಗಳಲ್ಲಿ ಇರೋದು ಇದೇ. 590 ಕೂಡಿಸಿದರೆ ಹೆಚ್ಚುಕಡಿಮೆ ಇಂಗ್ಲಿಷ್ ಇಸವಿ. ಹೈದರಾಬಾದಿನ ಫಸಲಿ ವರ್ಷ ಶುರುವಾಗ್ತಿದ್ದದ್ದು ಅಕ್ಟೋಬರ್ 6ಕ್ಕೆ, ತಿಂಗಳುಗಳಿಗೆ ಇರಾನಿನ ಹೆಸರು: ಆಜುರ್, ದೈ, ಬಹ್ಮನ್, ಇಸ್ಫಂದಾರ್, ಫರ್ವರ್ದಿ. ಇರಾನಿನಲ್ಲಿ ಫರ್ವರ್ದೀನ್ ವಸಂತದ ಮೊದಲ ತಿಂಗಳು, ಮಾರ್ಚ್ 21ರ ಸುಮಾರಿಗೆ ಹುಟ್ಟುತ್ತೆ. ಹೈದರಾಬಾದಿನ ಲೆಕ್ಕದಲ್ಲಿ ಅದು ಜಾರಿ ಫೆಬ್ರವರಿಗೆ ಬಂದು ಕೂತಿತ್ತು. ಅಂದರೆ ಮುತ್ತುಗ ಹೂ ಬಿಡೋ ಹೊತ್ತಿಗೆ. ಬೇಕಂತ ಮಾಡಿದ್ದಲ್ಲ. ಆದರೂ ನಮ್ಮ ವಸಂತಕ್ಕೆ ಪಂಚಾಂಗಕ್ಕಿಂತ ನಿಜಾಮರ ಗುಮಾಸ್ತನೇ ಹತ್ತಿರ ಬಂದಿದ್ದ.

ಇವತ್ತು ನಮ್ಮನ್ನೆಲ್ಲ ಆಳ್ತಿರೋದು ಏಪ್ರಿಲ್ 1. ನಿಮ್ಮ ಅಪ್ರೈಸಲ್ಲು, ಫಾರ್ಮ್ 16, ಹೂಡಿಕೆಯ ರಸೀದಿ ಕೊಡಿ ಅನ್ನೋ ಎಚ್‌ಆರ್ ಮೇಲು, ಎಲ್ಲ ಅದರ ಸುತ್ತ. ಇದು ನಮ್ಮ ಸುಗ್ಗಿಗೆ ಸರಿಯಾಗಿ ಮಾಡಿದ್ದು ಅಂತ ಯಾರೋ ಹೇಳಿದ್ದು ಕೇಳಿದ್ದೆ. ಹಾಗೇನಿಲ್ಲ. ಬ್ರಿಟಿಷ್ ಇಂಡಿಯಾದ ಸರ್ಕಾರ ಮೊದಲು ಮೇ 1ರಿಂದ ವರ್ಷ ಲೆಕ್ಕ ಹಾಕುತ್ತಿತ್ತು. 1867ರಲ್ಲಿ ಬ್ರಿಟನ್ ಸರ್ಕಾರದ ಲೆಕ್ಕಕ್ಕೆ ಹೊಂದಲಿ ಅಂತ ಏಪ್ರಿಲ್ 1ಕ್ಕೆ ತಂದಿತು. ಫಾಲ್ಗುಣದಲ್ಲಿ ಊರಿಗೆ ಹೋಗಲು ನನಗೆ ರಜೆ ಸಿಗದೇ ಇರೋದಕ್ಕೆ ಮೂಲ ಕಾರಣ ಲಂಡನ್ನಿನ ಬಜೆಟ್ಟು.

ಇಷ್ಟು ಬರೆದ ಮೇಲೆ, ನಾನು ಹಳೆ ಕಾಲವನ್ನು ಹೊಗಳೋಕೆ ಕೂತಿದ್ದೀನಿ ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೆ ಅನ್ನಿಸಿ ಒಂದು ರಾತ್ರಿ ಇದನ್ನು ಅಳಿಸಿಬಿಡೋಣ ಅಂದುಕೊಂಡಿದ್ದೆ. ಯಾಕಂದರೆ ಯುಗಾದಿ ಅಂದರೆ ಬೇವು ಬೆಲ್ಲ ಅಷ್ಟೇ ಅಲ್ಲ. ನಮ್ಮ ಕಡೆ ಬೇವನ್ನು ಕುಡೀತಾರೆ. ಹುಣಸೆ ನೀರು, ಬೆಲ್ಲ, ಮಾವಿನಕಾಯಿ, ಪುಠಾಣಿ, ಬೇವಿನ ಹೂ ಹಾಕಿ ಗಡಿಗೆಗಟ್ಟಲೆ ಮಾಡ್ತಾರೆ. ಅದೇ ಯುಗಾದಿಗೆ ಜೀತದಾಳಿನ ವರ್ಷ ಮುಗಿದು ಹೊಸ ವರ್ಷ ಶುರುವಾಗ್ತಿತ್ತು. ಯುಗಾದಿಯಿಂದ ಯುಗಾದಿಗೆ ಇಷ್ಟು ಚೀಲ ಜೋಳ, ಒಂದು ಕಂಬಳಿ, ಒಂದು ಜೊತೆ ಚಪ್ಪಲಿ. ಮುಂಗಡ ತೀರಲಿಲ್ಲ ಅಂದರೆ ಇನ್ನೊಂದು ಯುಗಾದಿ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾನೂನು ಬಂತು. ನಾನು ಹುಟ್ಟಿದ್ದು ಅದಾದ ಎಷ್ಟೋ ವರ್ಷಕ್ಕೆ. ಆದರೂ ನಮ್ಮ ಮನೆಯಲ್ಲಿ ಯುಗಾದಿಯಿಂದ ಯುಗಾದಿಗೆ ಇದ್ದ ಒಬ್ಬ ಮಾವನ ನೆನಪು ನನಗಿದೆ. ಅವನನ್ನು ಮಾವ ಅಂತಲೇ ಕರೀತಿದ್ದೆವು. ಊಟದ ತಾಟು ಮಾತ್ರ ಬೇರೆ, ಅದನ್ನು ಇಡೋ ಜಾಗ ಗ್ವಾದಲಿಯ ಪಕ್ಕದ ಗೂಡು. ನಿಸರ್ಗದ ಜೊತೆ ಹೆಜ್ಜೆ ಹಾಕಿ ಬದುಕಿದವರಲ್ಲಿ ಅವನ ಹೆಜ್ಜೆ ಬೇರೆಯವರ ಕೈಯಲ್ಲಿತ್ತು. ಅವನ ಮಗ ಈಗ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡ್ತಾನೆ, ಊರಿಗೆ ಬರೋದು ಕಡಿಮೆ. ನಾನು ಅವನಾಗಿದ್ದರೂ ಬರ್ತಿರಲಿಲ್ಲ.

ಗುಳೆಯೂ ಹಾಗೆಯೇ. ಜೋಳ ಕಿತ್ತಾದ ಮೇಲೆ ಎರಡೆಕರೆಯವರಿಗೆ, ಹೊಲವಿಲ್ಲದವರಿಗೆ ಮಳೆವರೆಗೆ ಊರಲ್ಲಿ ಏನಿದೆ? ಲಿಂಗಸುಗೂರು, ಮಸ್ಕಿ ಕಡೆಯಿಂದ ಮಕ್ಕಳು ಮರಿ, ರೊಟ್ಟಿ ಗಂಟು, ಪಾತ್ರೆ ಸಮೇತ ಬೆಂಗಳೂರಿನ ಬಸ್ ಹತ್ತುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಕಟ್ಟಡದಲ್ಲಿ ಮಾರ್ಚ್ ಬಂತು ಅಂದರೆ ನಮ್ಮ ಭಾಷೆ ಕೇಳಿಸುತ್ತೆ. ಮುಂಗಾರು ಬಂದಾಗ ಕಡಿಮೆಯಾಗುತ್ತೆ. ಬೆಂಗಳೂರಿನಲ್ಲಿ ನಾನು ಋತು ಗುರುತಿಸೋದು ಹೀಗೆ.

ಮತ್ತೆ ಕಾಲುವೆ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯೋಕೆ ಶುರುವಾದ ಮೇಲೆ ಸಿಂಧನೂರು ಭತ್ತದ ಸೀಮೆಯಾಯ್ತು. ಆಂಧ್ರದಿಂದ ಬಂದ ರೈತರು ಕ್ಯಾಂಪು ಕಟ್ಟಿದರು, ಎರೆ ಹೊಲದಲ್ಲಿ ಗದ್ದೆ ಮಾಡಿದರು. ನಮ್ಮ ತಾಲೂಕಿಗೆ ನಾರಾಯಣಪುರದ ಬಲದಂಡೆ ಕಾಲುವೆ ಬಂತು. ನೀರು ಹೋದಲ್ಲಿ ಹಸಿವು ಕಡಿಮೆಯಾಗಿದೆ, ಇದನ್ನು ಅಲ್ಲಗಳೆಯೋನು ಹಸಿವು ಕಂಡಿಲ್ಲ. ಆದರೆ ಪಂಚಾಂಗ ಬದಲಾಯ್ತು. ಈಗ ಫೆಬ್ರವರಿ ಮಾರ್ಚಿನಲ್ಲಿ ನಮ್ಮವರು ನೋಡೋದು ಮುತ್ತುಗವನ್ನಲ್ಲ, ಎರಡನೇ ಬೆಳೆಗೆ ಎಲ್ಲಿವರೆಗೆ ನೀರು ಬಿಡ್ತಾರೆ ಅನ್ನೋ ನೀರಾವರಿ ಸಲಹಾ ಸಮಿತಿಯ ಸುದ್ದಿಯನ್ನು. ಕಾಲುವೆಯ ಕೊನೆಭಾಗದವರಿಗೆ ಅದೇ ಯುಗಾದಿ, ಅದೇ ಅಮಾವಾಸ್ಯೆ.

ಎತ್ತುಗಳಿಗೆ ಕೆಲಸ ತಪ್ಪಿದ್ದು ಇದರ ಜೊತೆಗೇ. ಟ್ರ್ಯಾಕ್ಟರ್ ಹರಗುತ್ತೆ, ಯಂತ್ರ ರಾಶಿ ಮಾಡುತ್ತೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಏಳು ವರ್ಷದಲ್ಲಿ ಗಂಡು ದನಗಳು ಶೇ 30ರಷ್ಟು ಕಡಿಮೆಯಾಗಿವೆ, ಹಸುಗಳು ಹೆಚ್ಚಾಗಿವೆ. ನಮ್ಮ ಅಪ್ಪನ ಜೋಡಿ ಆ ಲೆಕ್ಕದಲ್ಲಿ ಉಳಿದವು. ವರ್ಷಕ್ಕೆ ನಲವತ್ತು ದಿನವೂ ಕೆಲಸವಿಲ್ಲ, 365 ದಿನ ಮೇವು. ಅಪ್ಪನ ಮೊಣಕಾಲು ನೋವು ಬೇರೆ.

ಕೊನೆಗೆ ನಾನು ಫೋನಿನಲ್ಲಿ "ನಿನಗ ಹೆಂಗ ಅನಸ್ತದೋ ಹಂಗ ಮಾಡಪ್ಪಾ" ಅಂದೆ. ಅದು ಉತ್ತರವಲ್ಲ ಅಂತ ಅವನಿಗೂ ಗೊತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಳಿಗೆ ಬರ್ತಿಯೇನು?" ಅಂದ. ಹೋದೆ. ಕ್ವಾರ್ಟರ್ ಎಂಡ್, ರಿಲೀಸ್ ಇದೆ ಅಂತ ಮ್ಯಾನೇಜರ್ ಮುಖ ಸಣ್ಣದು ಮಾಡಿದರು. ಲ್ಯಾಪ್‌ಟಾಪ್ ಹಿಡಿದುಕೊಂಡೇ ಹೋದೆ.

ನಾನು ಮುಟ್ಟೋಕೆ ಮುಂಚೆಯೇ ಮಾರಾಟ ಆಗಿತ್ತು. ಕೃಷ್ಣೆಯ ಆಚೆ ಸುರಪುರ ಕಡೆಯ ರೈತರೊಬ್ಬರು ಹೂಡೋಕೆ ಅಂತಲೇ ಕೊಂಡಿದ್ದರು. ಅಪ್ಪ ಎರಡು ಸಾವಿರ ಕಡಿಮೆಗೆ ಕೊಟ್ಟಿದ್ದ, ಹೆಚ್ಚು ಕೊಡ್ತೀನಿ ಅಂದ ದಲಾಲನಿಗೆ ಕೊಟ್ಟಿರಲಿಲ್ಲ. ಎತ್ತು ಹೋದರೂ ಹಗ್ಗ ಕೊಡಬಾರದು ಅನ್ನೋದು ನಮ್ಮ ಮನೆಯ ರೂಢಿ. ಕೊಂಡವರು ಹೊಸ ಹಗ್ಗ ಹಾಕಿಕೊಂಡು ಹೊಡೆದುಕೊಂಡು ಹೋದರಂತೆ. ಹಳೆ ಹಗ್ಗಗಳೆರಡೂ ಗೂಟಕ್ಕೆ ಸುತ್ತಿಕೊಂಡಿದ್ದವು.

ರಾತ್ರಿ ಓಣಿಯ ಹುಡುಗರು ಹಲಗಿ ಬಾರಿಸುತ್ತಾ ಕಾಮಣ್ಣನಿಗೆ ಕಟ್ಟಿಗೆ ಕೇಳಿಕೊಂಡು ಬಂದರು. ನಾವು ಹುಡುಗರಿದ್ದಾಗ ಕೇಳ್ತಿರಲಿಲ್ಲ, ಕದೀತಿದ್ದೆವು. ಹಿತ್ತಲಿನ ಕುಳ್ಳಿನ ಒಟ್ಟಲು ಕಾಯೋಕೆ ಅಂತ ಮುದುಕಿಯರು ರಾತ್ರಿಯೆಲ್ಲ ಕೂತಿರೋರು. ಈಗ ಕದಿಯೋಕೆ ಕುಳ್ಳೇ ಇಲ್ಲ, ಎಲ್ಲರ ಮನೆಯಲ್ಲೂ ಗ್ಯಾಸು. ಹಿಂದಿನ ವರ್ಷ ಹಳೆ ಪ್ಲೈವುಡ್ಡು, ಟೈರು ಹಾಕಿ ಸುಟ್ಟಿದ್ದರಂತೆ. ಕಾಮಣ್ಣನ ಬೆಂಕಿ ಮನೆಗೆ ತಂದು ಒಲೆ ಹಚ್ಚೋದು ಪದ್ಧತಿ. ಆ ಪ್ಲೈವುಡ್ಡಿನ ಕೆಂಡ ಓಣಿ ತಿರುಗೋದರೊಳಗೆ ಆರಿಹೋಗಿತ್ತು ಅಂತ ಅವ್ವನಿಗೆ ವರ್ಷವಿಡೀ ಸಿಟ್ಟು.

ಅವ್ವ ಒಳಗೆ ಹೋಗಿ, ದಂದಕ್ಕಿಯ ಮೂಲೆಯಿಂದ ಎರಡು ಚೀಲ ಕುಳ್ಳು ಎಳೆದು ತಂದಳು. "ಒಯ್ರಿ. ಮುಂದಿನ ವರ್ಷ ಕೇಳಬ್ಯಾಡ್ರಿ, ಇರಂಗಿಲ್ಲ."

ಬೆಳಗಿನ ಜಾವ ನಾಲ್ಕಕ್ಕೆ ನನ್ನನ್ನು ಎಬ್ಬಿಸಿ ಕೈಗೊಂದು ಹಂಚು ಕೊಟ್ಟಳು. ಕಾಮಣ್ಣ ಸುಟ್ಟ ಜಾಗದಲ್ಲಿ ಮೇಲೆಲ್ಲ ಬಿಳಿ ಬೂದಿ, ಕೆದಕಿದರೆ ಒಳಗೆ ಕೆಂಪು. ಹಂಚಿನಲ್ಲಿ ಎರಡು ಕೆಂಡ ಇಟ್ಟುಕೊಂಡು ಓಣಿ ದಾಟಿ ಬಂದೆ, ಆರಲಿಲ್ಲ. ಅವ್ವ ಅಂಗಳದಲ್ಲಿ ಮೂರು ಕಲ್ಲಿಟ್ಟು, ಅದರ ಮೇಲೆ ಸಣ್ಣ ಗಡಿಗೆಯಲ್ಲಿ ಪಾಕೀಟಿನ ಹಾಲು ಕಾಯಿಸಿದಳು. ಅಪ್ಪ ಕಟ್ಟೆಯ ಮೇಲೆ ಕೂತು ಬರಿದಾದ ಗ್ವಾದಲಿಯ ಕಡೆ ನೋಡ್ತಿದ್ದ. ಹಾಲು ಉಕ್ಕೋ ಹೊತ್ತಿಗೆ ಎದ್ದು ಹೋಗಿ, ಎತ್ತುಗಳಿಗೆ ಅಂತ ರಾತ್ರಿ ಅಭ್ಯಾಸಬಲದಲ್ಲಿ ತುಂಬಿಸಿಟ್ಟಿದ್ದ ನೀರನ್ನು ಬೇವಿನ ಗಿಡದ ಬುಡಕ್ಕೆ ಸುರಿದು ಬಂದ.